ಬೇಡ ಎನ್ನುವ ಹಕ್ಕು ಯಾರಿಗಿತ್ತು? 1914ರ ಮೈತ್ರಿಕೂಟಗಳ ಕುರಿತು

ಮೊದಲ ಮಹಾಯುದ್ಧಕ್ಕೆ ಕಾರಣವೇನು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಶಾಲೆಯಲ್ಲಿ ಬಾಯಿಪಾಠ ಮಾಡಿದ ಉತ್ತರವನ್ನೇ ಕೊಡುತ್ತೇವೆ. ಯುರೋಪು ಎರಡು ಬಣಗಳಾಗಿತ್ತು. ಒಂದು ಕಡೆ ಜರ್ಮನಿ, ಆಸ್ಟ್ರಿಯಾ-ಹಂಗೇರಿ ಮತ್ತು ಇಟಲಿಗಳ ತ್ರಿಮೈತ್ರಿ ಕೂಟ, ಇನ್ನೊಂದು ಕಡೆ ಫ್ರಾನ್ಸ್, ರಷ್ಯಾ ಮತ್ತು ಬ್ರಿಟನ್‌ಗಳ ಸೌಹಾರ್ದ ಕೂಟ. 1914ರ ಜೂನ್ 28ರಂದು ಸರಯೇವೊದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆಯಾಯಿತು. ಕೊಟ್ಟ ಮಾತಿಗೆ ಕಟ್ಟುಬಿದ್ದು ಒಬ್ಬರ ಹಿಂದೆ ಒಬ್ಬರು ಯುದ್ಧಕ್ಕಿಳಿದರು.

ಈ ಉತ್ತರ ಸುಳ್ಳಲ್ಲ. ಆದರೆ ಒಪ್ಪಂದಗಳನ್ನೂ ಆ ಬೇಸಿಗೆಯ ಘಟನೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ‘ಮಾತಿಗೆ ಕಟ್ಟುಬಿದ್ದು’ ಎಂಬುದು ನನಗೆ ಅನುಮಾನ ಹುಟ್ಟಿಸುತ್ತದೆ.

ಇಟಲಿಯನ್ನೇ ನೋಡಿ. 1882ರಿಂದಲೂ ಅದು ತ್ರಿಮೈತ್ರಿ ಕೂಟದ ಸದಸ್ಯ. ಯುದ್ಧ ಬಂದಾಗ ಅದು ಒಪ್ಪಂದದ ಪಠ್ಯವನ್ನು ತೆಗೆದು ಓದಿತು. ಇದು ರಕ್ಷಣೆಗೆ ಮಾಡಿಕೊಂಡ ಒಪ್ಪಂದ, ಇಲ್ಲಿ ಆಸ್ಟ್ರಿಯಾ ತಾನೇ ಮೇಲೆ ಬಿದ್ದಿದೆ, ನಮ್ಮನ್ನು ಕೇಳಲೂ ಇಲ್ಲ ಎಂದು ಹೊರಗುಳಿಯಿತು. 1915ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಗುಟ್ಟಾಗಿ ಇನ್ನೊಂದು ಒಪ್ಪಂದಕ್ಕೆ ಸಹಿ ಹಾಕಿ, ಮೇ ತಿಂಗಳಲ್ಲಿ ಹಳೆಯ ಮಿತ್ರ ಆಸ್ಟ್ರಿಯಾದ ವಿರುದ್ಧವೇ ಯುದ್ಧ ಸಾರಿತು. ರುಮೇನಿಯಾ ಕೂಡ 1883ರಿಂದ ಆಸ್ಟ್ರಿಯಾದ ಗುಟ್ಟಿನ ಮಿತ್ರ. ಅದೂ ಮೊದಲು ತಟಸ್ಥವಾಗಿದ್ದು, 1916ರಲ್ಲಿ ಎದುರು ಬಣ ಸೇರಿತು.

ಬ್ರಿಟನ್ನಿನದು ಇದಕ್ಕೆ ತದ್ವಿರುದ್ಧ. 1904ರಲ್ಲಿ ಫ್ರಾನ್ಸಿನೊಡನೆ ಅದು ಮಾಡಿಕೊಂಡ ಒಪ್ಪಂದ ಮುಖ್ಯವಾಗಿ ಈಜಿಪ್ಟ್ ಮತ್ತು ಮೊರಾಕೊ ಕುರಿತದ್ದು. 1907ರಲ್ಲಿ ರಷ್ಯಾದೊಡನೆ ಮಾಡಿಕೊಂಡದ್ದು ಪರ್ಷಿಯಾ, ಅಫ್ಘಾನಿಸ್ತಾನ ಮತ್ತು ಟಿಬೆಟ್ ಕುರಿತದ್ದು. ಯುದ್ಧವಾದರೆ ಸೇನೆ ಕಳಿಸುತ್ತೇವೆ ಎಂಬ ಮಾತು ಎರಡರಲ್ಲೂ ಇಲ್ಲ. ಬೆಲ್ಜಿಯಂನ ತಟಸ್ಥತೆಯನ್ನು ಕಾಯುವ 1839ರ ಒಪ್ಪಂದಕ್ಕೆ ಅದರ ಸಹಿ ಇತ್ತು. ಫ್ರಾನ್ಸಿನೊಂದಿಗೆ ಇದ್ದದ್ದು ಬರೆಯದ ಬಾಧ್ಯತೆ. ಎರಡೂ ದೇಶಗಳ ಸೇನಾಧಿಕಾರಿಗಳು ವರ್ಷಗಟ್ಟಲೆ ಮಾತಾಡಿಕೊಂಡಿದ್ದರು, ನೌಕಾಪಡೆಗಳು ಸಮುದ್ರಗಳನ್ನು ಹಂಚಿಕೊಂಡಿದ್ದವು. ಸಹಿ ಹಾಕಿದ ಇಟಲಿ ಹೊರಗುಳಿಯಿತು, ಸಹಿ ಹಾಕದ ಬ್ರಿಟನ್ ಒಳಬಂತು.

ಹಾಗಾದರೆ ಮೈತ್ರಿಕೂಟಗಳು ಮಾಡಿದ್ದೇನು? ನನ್ನ ಪ್ರಕಾರ ಎರಡು ಕೆಲಸ. ಮೊದಲನೆಯದು, ಧೈರ್ಯ ತುಂಬಿದ್ದು. ಜುಲೈ ಮೊದಲ ವಾರದಲ್ಲಿ ಜರ್ಮನಿ ಬೇಷರತ್ ಬೆಂಬಲದ ಭರವಸೆ ಕೊಡದಿದ್ದರೆ ಆಸ್ಟ್ರಿಯಾ ಸರ್ಬಿಯಾಕ್ಕೆ ಅಷ್ಟು ಕಠೋರವಾದ ಅಂತಿಮ ಪತ್ರ ಕಳಿಸುತ್ತಿತ್ತೇ ಎಂಬುದು ಅನುಮಾನ. ಎರಡನೆಯದು, ಯೋಚಿಸಲು ಸಮಯವನ್ನೇ ಉಳಿಸದಿದ್ದದ್ದು. ಫ್ರಾನ್ಸ್ ಮತ್ತು ರಷ್ಯಾ 1894ರಲ್ಲಿ ಒಂದಾದ ಮೇಲೆ ಜರ್ಮನಿ ಎರಡು ದಿಕ್ಕಿನ ಯುದ್ಧಕ್ಕೆ ಸಿದ್ಧವಾಗಬೇಕಿತ್ತು. ಬೆಲ್ಜಿಯಂ ಮೂಲಕ ನುಗ್ಗಿ ಸುಮಾರು ಆರು ವಾರದಲ್ಲಿ ಫ್ರಾನ್ಸನ್ನು ಮುಗಿಸಿ, ಅಷ್ಟರಲ್ಲಿ ನಿಧಾನವಾಗಿ ಸೇನೆ ಕೂಡಿಸುವ ರಷ್ಯಾದತ್ತ ತಿರುಗುವುದು ಅದರ ಲೆಕ್ಕ. ಈ ಲೆಕ್ಕವೆಲ್ಲ ರೈಲು ವೇಳಾಪಟ್ಟಿಯ ಮೇಲೆ ನಿಂತಿತ್ತು. ಜುಲೈ 30ರಂದು ರಷ್ಯಾ ಸಾರ್ವತ್ರಿಕ ಸೇನಾ ಜಮಾವಣೆಗೆ ಆಜ್ಞೆ ಹೊರಡಿಸಿದ ಮೇಲೆ ಜರ್ಮನ್ ಸೇನಾನಿಗಳಿಗೆ ಸಂಧಾನದ ಪ್ರತಿಯೊಂದು ದಿನವೂ ನಷ್ಟವಾಗಿ ಕಂಡಿತು. ಆಗಸ್ಟ್ 4ರಂದು ಜರ್ಮನ್ ಸೇನೆ ಬೆಲ್ಜಿಯಂ ಹೊಕ್ಕಿತು. ಯಾವ ಆಸ್ಟ್ರಿಯಾದ ಪರವಾಗಿ ಜರ್ಮನಿ ನಿಂತಿತ್ತೋ ಆ ಆಸ್ಟ್ರಿಯಾ ರಷ್ಯಾದ ಮೇಲೆ ಯುದ್ಧ ಸಾರಿದ್ದು ಅದಾದ ಎರಡು ದಿನಕ್ಕೆ, ಆಗಸ್ಟ್ 6ರಂದು!

ಯುದ್ಧ ಶುರುವಾದ ಮೇಲೂ ಮಿತ್ರನನ್ನು ಉಳಿಸಿಕೊಳ್ಳುವ ಅವಸರವೇ ಕಾರ್ಯಾಚರಣೆಗಳ ದಿಕ್ಕು ತಿರುಗಿಸಿತು. ಫ್ರಾನ್ಸಿನ ಮೇಲಿನ ಒತ್ತಡ ತಗ್ಗಿಸಲು ರಷ್ಯಾ ಪೂರ್ತಿ ಸಿದ್ಧವಾಗುವ ಮೊದಲೇ ಪೂರ್ವ ಪ್ರಷ್ಯಾಕ್ಕೆ ನುಗ್ಗಿತು. ಆಗಸ್ಟ್ ಕೊನೆಗೆ ಟ್ಯಾನೆನ್‌ಬರ್ಗ್‌ನಲ್ಲಿ ಅದರ ಒಂದು ಸೇನೆಯೇ ನಾಶವಾಯಿತು. ಆದರೆ ಆ ದಾಳಿಗೆ ಹೆದರಿ ಜರ್ಮನಿ ಪಶ್ಚಿಮದಿಂದ ಎರಡು ಕೋರ್‌ಗಳನ್ನು ಪೂರ್ವಕ್ಕೆ ಕಳಿಸಿತ್ತು. ಅವು ಟ್ಯಾನೆನ್‌ಬರ್ಗ್‌ಗೂ ಹೊತ್ತಿಗೆ ಮುಟ್ಟಲಿಲ್ಲ, ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ಸಿನ ಹತ್ತಿರ ಮಾರ್ನ್ ಕದನ ನಡೆದಾಗ ಅಲ್ಲೂ ಇರಲಿಲ್ಲ. 1915ರ ಗ್ಯಾಲಿಪೊಲಿ ದಂಡಯಾತ್ರೆಯ ಹಿಂದೆ ರಷ್ಯಾದ ಮೊರೆಯಿತ್ತು. 1916ರಲ್ಲಿ ವೆರ್ಡನ್‌ನಲ್ಲಿ ಫ್ರಾನ್ಸ್ ಸೊರಗುತ್ತಿದ್ದಾಗ ಸೋಮ್ ನದಿಯ ದಾಳಿಯ ಭಾರ ಬ್ರಿಟನ್ನಿನ ಹೆಗಲಿಗೆ ಬಿತ್ತು. ಜುಲೈ 1ರ ಒಂದೇ ದಿನ ಬ್ರಿಟಿಷ್ ಸೇನೆಯಲ್ಲಿ ಸತ್ತವರು ಸುಮಾರು 19,000.

ಈ ಕಥೆಯಲ್ಲಿ ನಮ್ಮ ಮೈಸೂರೂ ಇದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿಯೊಡನೆ ಆದ ಸಹಾಯಕ ಸೈನ್ಯ ಪದ್ಧತಿಯ ಒಪ್ಪಂದವೂ ಕಾಗದದ ಮೇಲೆ ಒಂದು ಮೈತ್ರಿಯೇ. 1914ರಲ್ಲಿ ಯುದ್ಧಕ್ಕೆ ಇಳಿಯೋಣವೇ ಎಂದು ಮೈಸೂರನ್ನು ಯಾರೂ ಕೇಳಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ 50 ಲಕ್ಷ ರೂಪಾಯಿ ಯುದ್ಧನಿಧಿ ಕೊಟ್ಟಿತು. ಸಂಸ್ಥಾನದ ಖರ್ಚಿನಲ್ಲಿ ಸಾಕಿದ್ದ ಮೈಸೂರು ಲ್ಯಾನ್ಸರ್ಸ್ ಅಶ್ವದಳ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದ ದಿನ ಜೋಧಪುರದ ಸವಾರರು ನೇರ ನುಗ್ಗಿದರೆ, ಮೈಸೂರಿನವರು ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿಗಳ ಮೇಲೆ ಬಿದ್ದರು. ಸೆರೆಸಿಕ್ಕವರು 1,300ಕ್ಕೂ ಹೆಚ್ಚು. ದೆಹಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳು ಜೋಧಪುರ, ಹೈದರಾಬಾದ್ ಮತ್ತು ಮೈಸೂರು ಅಶ್ವದಳಗಳ ನೆನಪಿನವು.

ಹೈಫಾದ ಶೌರ್ಯವನ್ನು ಈಚೆಗೆ ಹೆಮ್ಮೆಯಿಂದ ನೆನೆಯುತ್ತಿದ್ದೇವೆ. ನೆನೆಯಬೇಕಾದ್ದೇ. ಅದರ ಜೊತೆಗೆ ಇಟಲಿಯನ್ನೂ ನೆನೆಯಬೇಕು ಎನ್ನುತ್ತೇನೆ. ಸಮಾನರ ನಡುವಿನ ಒಪ್ಪಂದದಲ್ಲಿ ಷರತ್ತುಗಳನ್ನು ಮತ್ತೆ ಓದಿ ‘ಇದು ನನಗೆ ಅನ್ವಯಿಸುವುದಿಲ್ಲ’ ಎನ್ನುವ ಅವಕಾಶ ಇತ್ತು. ಅಸಮಾನರ ನಡುವಿನ ಒಪ್ಪಂದದಲ್ಲಿ ಮೈತ್ರಿ ಎಂದರೆ ಅಪ್ಪಣೆ. ಯುದ್ಧ ಬೇಡ ಎನ್ನಲು ರೋಮ್‌ನಲ್ಲಿ ಒಂದು ಸರ್ಕಾರವಿತ್ತು. ಕಾರ್ಮೆಲ್ ಬೆಟ್ಟ ಹತ್ತಿದ ಮೈಸೂರಿನ ಸವಾರನ ಪರವಾಗಿ ಆ ಮಾತು ಹೇಳಬಲ್ಲವರು ಯಾರೂ ಇರಲಿಲ್ಲ.