ಮಣ್ಣಿನ ಲಕೋಟೆಯಿಂದ ಕಂಪ್ಯೂಟರ್ ಕಡತದವರೆಗೆ

ಟರ್ಕಿ ದೇಶದ ಮಧ್ಯಭಾಗದಲ್ಲಿ, ಕೈಸೇರಿ ನಗರದ ಸಮೀಪ ಕುಲ್ತೆಪೆ ಎಂಬ ದಿಬ್ಬವೊಂದಿದೆ. ಸುಮಾರು 3,900 ವರ್ಷಗಳ ಹಿಂದೆ ಅದು ಕಾನೇಶ್ ಎಂಬ ವ್ಯಾಪಾರದ ಊರಾಗಿತ್ತು. ಅಸ್ಸೂರ್ ನಗರದ ವರ್ತಕರು ಕತ್ತೆಗಳ ಮೇಲೆ ತವರ ಮತ್ತು ಬಟ್ಟೆ ಹೇರಿಕೊಂಡು ಅಲ್ಲಿಗೆ ಬರುತ್ತಿದ್ದರು. ಬೆಳ್ಳಿ, ಬಂಗಾರ ಪಡೆದು ಮರಳುತ್ತಿದ್ದರು. ಈ ದಿಬ್ಬದಲ್ಲಿ ಇಲ್ಲಿಯವರೆಗೆ 23,000ಕ್ಕೂ ಹೆಚ್ಚು ಮಣ್ಣಿನ ಹಲಗೆಗಳು ದೊರೆತಿವೆ. ಅರಮನೆಯ ಶಾಸನಗಳೋ, ದೇವರ ಸ್ತುತಿಗಳೋ ಇರಬಹುದೆಂದು ಊಹಿಸಿದರೆ ತಪ್ಪಾದೀತು. ಬಹುಪಾಲು ವ್ಯಾಪಾರದ ಪತ್ರಗಳು, ಸಾಲದ ಕರಾರುಗಳು, ಪಾಲುದಾರಿಕೆಯ ಒಪ್ಪಂದಗಳು!

ಕರಾರನ್ನು ಬರೆದಿಡುವುದು ಸುಲಭ. ಬರೆದದ್ದನ್ನು ಯಾರೂ ತಿದ್ದದಂತೆ ಕಾಯುವುದು, ಬೇಕಾದಾಗ ಹುಡುಕಿ ತೆಗೆಯುವುದು, ವಾಯಿದೆ ಮುಗಿಯುವ ದಿನವನ್ನು ಮರೆಯದಿರುವುದು, ಈ ಮೂರು ಕಷ್ಟ. ಇಂದು ಕಂಪೆನಿಗಳು ಕರಾರು ನಿರ್ವಹಣೆಯ ಸಾಫ್ಟ್‌ವೇರ್‌ಗಾಗಿ ಹಣ ಸುರಿಯುತ್ತಿರುವುದು ಈ ಮೂರು ಕಷ್ಟಗಳಿಗಾಗಿಯೇ. ಕಾನೇಶಿನ ವರ್ತಕನನ್ನು ಕಾಡಿದ್ದೂ ಇವೇ.

ಆತನ ಉಪಾಯ ಸೊಗಸಾಗಿತ್ತು. ಕರಾರನ್ನು ಹಸಿ ಮಣ್ಣಿನ ಹಲಗೆಯ ಮೇಲೆ ಬರೆದು ಒಣಗಿಸುತ್ತಿದ್ದರು. ಅದರ ಸುತ್ತ ಮತ್ತೊಂದು ತೆಳುವಾದ ಮಣ್ಣಿನ ಹೊದಿಕೆ ಹಚ್ಚಿ, ಅದರ ಮೇಲೂ ಕರಾರಿನ ಸಾರಾಂಶವನ್ನು ಬರೆದು, ಸಾಲಗಾರ ಮತ್ತು ಸಾಕ್ಷಿದಾರರ ಮುದ್ರೆಗಳನ್ನು ಉರುಳಿಸುತ್ತಿದ್ದರು. ಹೊರಗಿನ ಬರಹವನ್ನು ಯಾರಾದರೂ ತಿದ್ದಿದ್ದಾರೆಂಬ ಅನುಮಾನ ಬಂದರೆ ಲಕೋಟೆ ಒಡೆದು ಒಳಗಿನ ಪಾಠ ನೋಡಿದರಾಯಿತು. ಸಾಲ ತೀರಿದಾಗ ಹಲಗೆಯನ್ನು ಒಡೆದುಹಾಕುತ್ತಿದ್ದರು. ಇದಕ್ಕೆ ಅವರ ಭಾಷೆಯಲ್ಲಿದ್ದ ಮಾತು ಹಲಗೆಯನ್ನು ‘ಕೊಲ್ಲುವುದು’. ಹೀಗಾಗಿ ಮುದ್ರೆ ಒಡೆಯದ ಸಾಲಪತ್ರವೊಂದು ಕೈಗೆ ಸಿಕ್ಕಾಗ, ಆ ಸಾಲ ತೀರಲೇ ಇಲ್ಲವೇನೋ ಎಂಬ ಸಂಶಯ ವಿದ್ವಾಂಸರಿಗೆ ಬರುವುದು ಸಹಜ.

ಹುಡುಕುವುದಕ್ಕೂ ವ್ಯವಸ್ಥೆಯಿತ್ತು. ಹಲಗೆಗಳನ್ನು ಬುಟ್ಟಿ, ಪೆಟ್ಟಿಗೆ, ಗಡಿಗೆಗಳಲ್ಲಿಟ್ಟು, ಒಳಗೇನಿದೆ ಎಂದು ಬರೆದ ಪುಟ್ಟ ಮಣ್ಣಿನ ಚೀಟಿಯನ್ನು ಕಟ್ಟುತ್ತಿದ್ದರು. ಇಂದಿನ ಸಾಫ್ಟ್‌ವೇರ್‌ನಲ್ಲಿ ಪ್ರತಿ ಕರಾರಿಗೂ ಅಂಟಿಸುವ ಗುರುತುಪಟ್ಟಿ ಬೇರೇನೂ ಅಲ್ಲ, ಆ ಚೀಟಿಯೇ.

ಕನ್ನಡ ನಾಡಿನಲ್ಲಿ ಶಾಶ್ವತವಾಗಿ ಉಳಿಯಬೇಕಾದ ದಾನ, ದತ್ತಿಗಳನ್ನು ಕಲ್ಲಿಗೂ ತಾಮ್ರಕ್ಕೂ ಒಪ್ಪಿಸಲಾಗುತ್ತಿತ್ತು. ತಾಮ್ರದ ಪಟಗಳಿಗೆ ತೂತು ಕೊರೆದು ಬಳೆಯೊಂದನ್ನು ಪೋಣಿಸಿ, ಬಳೆಯ ತುದಿಗಳು ಕೂಡುವಲ್ಲಿ ರಾಜಮುದ್ರೆ ಒತ್ತುತ್ತಿದ್ದರು. ನಡುವೆ ಹೊಸ ಪಟ ಸೇರಿಸಬೇಕಾದರೆ ಮುದ್ರೆಯನ್ನೇ ಮುರಿಯಬೇಕು. ಇಷ್ಟರ ಮೇಲೆ, ದಾನವನ್ನು ಅಪಹರಿಸಿದವನು 60 ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾನೆಂಬ ಶಾಪಾಶಯ. ಇದಕ್ಕಿಂತ ದೀರ್ಘಾವಧಿಯ ದಂಡದ ಷರತ್ತನ್ನು ಯಾವ ವಕೀಲರೂ ಬರೆದಿರಲಾರರು. ಆದರೂ ಖೊಟ್ಟಿ ಶಾಸನಗಳು ಹುಟ್ಟಿಕೊಂಡವು. ಜೆ.ಎಫ್. ಫ್ಲೀಟ್ 1901ರಲ್ಲಿ ಅಂಥವುಗಳ ದೊಡ್ಡ ಪಟ್ಟಿಯನ್ನೇ ಪ್ರಕಟಿಸಿದರು. ಗಂಗರ ಹಲವು ತಾಮ್ರಪಟಗಳನ್ನು ಅವರು ಖೊಟ್ಟಿಯೆಂದರೆ, ಬಿ.ಎಲ್. ರೈಸ್ ಅದನ್ನು ಒಪ್ಪಲಿಲ್ಲ. ಇಬ್ಬರ ವಾದ ವರ್ಷಗಟ್ಟಲೆ ನಡೆಯಿತು.

ದಿನನಿತ್ಯದ ಲೆಕ್ಕಕ್ಕೆ ಬಳಕೆಯಾದದ್ದು ಕಡತ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಲೇಪಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಈ ಕಪ್ಪು ಪುಸ್ತಕದಲ್ಲಿ ಬಳಪದಿಂದ ಬರೆಯುತ್ತಿದ್ದರು. ಶಾನುಭೋಗರು, ವರ್ತಕರು, ಮಠಗಳು ಎಲ್ಲರಿಗೂ ಇದು ಬೇಕಾಗಿತ್ತು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಇಂದಿಗೂ ಉಳಿದಿವೆ. ಇದರ ಅನುಕೂಲ, ಒರೆಸಿ ಮತ್ತೆ ಬರೆಯಬಹುದು ಎಂಬುದು. ಇದರ ಅಪಾಯವೂ ಅದೇ. ಮಣ್ಣಿನ ಹಲಗೆಯಲ್ಲಿ ತಿದ್ದುಪಡಿಗೆ ಅವಕಾಶವಿಲ್ಲ. ಕಡತದಲ್ಲಿ ತಿದ್ದಿದ ಗುರುತೇ ಉಳಿಯದು. ಆದ್ದರಿಂದ ಕಡತದ ಬೆಲೆ ನಿಂತಿದ್ದದ್ದು ಅದನ್ನು ಬರೆದವನ ಮೇಲೆ ಊರಿಗಿದ್ದ ನಂಬಿಕೆಯಲ್ಲಿ. ಬಟ್ಟೆಯ ಪುಸ್ತಕ ಮರೆಯಾದರೂ ಹೆಸರು ಮಾತ್ರ ಸರ್ಕಾರಿ ಕಚೇರಿಗಳಲ್ಲಿ ಉಳಿದುಕೊಂಡಿದೆ. ‘ಕಡತ ವಿಲೇವಾರಿ’ ಎಂಬ ಮಾತನ್ನು ಕೇಳದವರು ಯಾರು?

ಯೂರೋಪಿನಲ್ಲಿ ಕಂಡುಕೊಂಡ ದಾರಿ ಬೇರೆ. ಒಂದೇ ಚರ್ಮದ ಹಾಳೆಯ ಮೇಲೆ ಒಪ್ಪಂದವನ್ನು ಎರಡು ಸಲ ಬರೆದು, ನಡುವೆ ಹಲ್ಲುಹಲ್ಲಾಗಿ ಕತ್ತರಿಸಿ, ಇಬ್ಬರಿಗೂ ಒಂದೊಂದು ತುಂಡು ಕೊಡುತ್ತಿದ್ದರು. ತಕರಾರು ಬಂದಾಗ ಎರಡೂ ಹಲ್ಲುಸಾಲುಗಳು ಕೂಡಬೇಕು. ಹಲ್ಲು ಎಂಬ ಅರ್ಥದ ಲ್ಯಾಟಿನ್ ಪದದಿಂದಲೇ ಈ ಪತ್ರಕ್ಕೆ ‘ಇಂಡೆಂಚರ್’ ಎಂಬ ಹೆಸರು ಬಂತು. ಸಮಾನರ ನಡುವೆ ಹುಟ್ಟಿದ ಈ ಹೆಸರು ಮುಂದೆ ಅಸಮಾನತೆಯ ಇನ್ನೊಂದು ಹೆಸರಾದದ್ದು ಇತಿಹಾಸದ ಕ್ರೂರ ವ್ಯಂಗ್ಯ. 1879ರಿಂದ 1916ರವರೆಗೆ ಭಾರತದಿಂದ 60,000ಕ್ಕೂ ಹೆಚ್ಚು ಮಂದಿ ಕೂಲಿಕಾರರು ಐದು ವರ್ಷಗಳ ಕರಾರಿನ ಮೇಲೆ ಫಿಜಿ ದ್ವೀಪಗಳ ಕಬ್ಬಿನ ತೋಟಗಳಿಗೆ ಹೋದರು. ‘ಅಗ್ರಿಮೆಂಟ್’ ಎಂಬ ಪದ ಅವರ ಬಾಯಲ್ಲಿ ‘ಗಿರ್ಮಿಟ್’ ಆಯಿತು, ಅವರು ಗಿರ್ಮಿಟಿಯಾಗಳಾದರು. ಕರಾರು ಲಿಖಿತವಾಗಿತ್ತು. ಆದರೆ ಹೆಬ್ಬೆಟ್ಟು ಒತ್ತಿದ ಬಹುತೇಕರಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಕರಾರಿನ ಅರ್ಥ ಹೇಳುವ ಅಧಿಕಾರ ಒಂದೇ ಪಕ್ಷದ ಕೈಯಲ್ಲಿದ್ದರೆ ಏನಾಗುತ್ತದೆಂಬುದನ್ನು ಆ ತೋಟಗಳು ತೋರಿಸಿದವು. ಕೊನೆಯ ಕರಾರುಗಳು ರದ್ದಾದದ್ದು 1920ರ ಜನವರಿ 1ರಂದು.

ಭಾರತದಲ್ಲಿ ಸರ್ಕಾರವೇ ಮೂರನೆಯ ಸಾಕ್ಷಿಯಾಗಿ ಬಂದದ್ದು ಬ್ರಿಟಿಷರ ಕಾಲದಲ್ಲಿ. 1872ರ ಕರಾರು ಕಾಯ್ದೆ, 1899ರ ಸ್ಟಾಂಪ್ ಕಾಯ್ದೆ, 1908ರ ನೋಂದಣಿ ಕಾಯ್ದೆ ಇವುಗಳಲ್ಲಿ ಪ್ರಮುಖವಾದವು. ಬೆಂಗಳೂರಿನ ಬಾಡಿಗೆ ಮನೆಗಳ ಕರಾರು ಸಾಮಾನ್ಯವಾಗಿ 11 ತಿಂಗಳದ್ದೇ ಏಕೆ ಎಂಬುದಕ್ಕೆ ಉತ್ತರ ನೋಂದಣಿ ಕಾಯ್ದೆಯಲ್ಲಿದೆ. ಒಂದು ವರ್ಷ ಮೀರಿದ ಗೇಣಿ ಅಥವಾ ಬಾಡಿಗೆ ಪತ್ರವನ್ನು ನೋಂದಾಯಿಸಲೇಬೇಕು. ಆ ಓಡಾಟ, ಖರ್ಚು ಬೇಡವೆಂದು 11 ತಿಂಗಳಿಗೆ ನಿಲ್ಲಿಸುತ್ತಾರೆ. ಸರ್ಕಾರದ ಮುದ್ರೆ ಬಿದ್ದ ಛಾಪಾ ಕಾಗದವಾದರೂ ಕಲಬೆರಕೆಯಿಂದ ಪಾರಾಗಲಿಲ್ಲ. ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ನಕಲಿ ಛಾಪಾ ಕಾಗದದ ಜಾಲ ಹಲವು ರಾಜ್ಯಗಳಿಗೆ ಹಬ್ಬಿತ್ತು. 2001ರಲ್ಲಿ ಸೆರೆಯಾದ ಆತ 2017ರಲ್ಲಿ ಶಿಕ್ಷೆ ಅನುಭವಿಸುತ್ತಿರುವಾಗಲೇ ತೀರಿಕೊಂಡ. ಕಾಗದದ ಬದಲು ಕಂಪ್ಯೂಟರ್ ಮೂಲಕ ಇ-ಸ್ಟಾಂಪ್ ನೀಡುವ ಪದ್ಧತಿಗೆ ಈ ಹಗರಣ ದೊಡ್ಡ ಪ್ರೇರಣೆ.

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ಸಹಿಗೆ ಮಾನ್ಯತೆ ಕೊಟ್ಟಿತು. ಅಮೆರಿಕದಲ್ಲಿ ಎನ್ರಾನ್ ಹಗರಣದ ಬೆನ್ನಿಗೆ 2002ರಲ್ಲಿ ಬಂದ ಸರ್ಬೇನ್ಸ್-ಆಕ್ಸ್‌ಲಿ ಕಾಯ್ದೆ ಕಂಪೆನಿಗಳ ಲೆಕ್ಕಪತ್ರ ನಿಯಂತ್ರಣವನ್ನು ಬಿಗಿಗೊಳಿಸಿತು. ತಾವು ಯಾರಿಗೆ ಏನು ಮಾತು ಕೊಟ್ಟಿದ್ದೇವೆಂಬುದನ್ನು ಕಂಪೆನಿಗಳು ಬೀರುಗಳಿಂದ ಹೊರತೆಗೆದು ನೋಡಬೇಕಾಯಿತು. ಕರಾರು ಸಾಫ್ಟ್‌ವೇರ್‌ಗೆ ಮಾರುಕಟ್ಟೆ ಬೆಳೆದದ್ದು ಈ ಹಿನ್ನೆಲೆಯಲ್ಲಿ.

ಇವುಗಳನ್ನು ಹೋಲಿಸುವವರು ಜಾಹೀರಾತಿನ ಪಟ್ಟಿಗಿಂತ ಅವುಗಳ ಜಾತಕ ನೋಡುವುದು ಲೇಸು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ. 1996ರಲ್ಲಿ ಆರಂಭವಾಗಿ 2012ರಲ್ಲಿ ಎಸ್‌ಎಪಿ ಕಂಪೆನಿಯ ಪಾಲಾದ ಅರಿಬಾ ಖರೀದಿ ವ್ಯವಹಾರಕ್ಕೆಂದು ಹುಟ್ಟಿದ್ದು. ಅದರ ದೃಷ್ಟಿ ಸರಬರಾಜುದಾರರ ಮೇಲೆ. 2003ರ ಡಾಕ್ಯುಸೈನ್ ಹುಟ್ಟಿದ್ದು ಸಹಿಗಾಗಿ. ಕರಾರುಗಳನ್ನು ನಿರ್ವಹಿಸುವ ಸ್ಪ್ರಿಂಗ್‌ಸಿಎಂ ಅನ್ನು ಅದು 2018ರಲ್ಲಿ ಕೊಂಡುಕೊಂಡಿತು. ಪುಣೆಯಲ್ಲೂ ಬೇರುಗಳಿರುವ 2009ರ ಐಸರ್ಟಿಸ್, ದೇಶದೇಶಗಳಲ್ಲಿ ಸಾವಿರಾರು ಕರಾರುಗಳಿರುವ ಭಾರೀ ಕಂಪೆನಿಗಳನ್ನು ನೆಚ್ಚಿದೆ. 2014ರ ಐರನ್‌ಕ್ಲಾಡ್‌ನ ಸ್ಥಾಪಕರಲ್ಲೊಬ್ಬರು ವಕೀಲರು. ಕರಡು ತಯಾರಿ, ತಿದ್ದುಪಡಿ, ಒಪ್ಪಿಗೆ ಇವೇ ಅದರ ಬಲ.

ಪೀಣ್ಯದಲ್ಲಿ ನಲವತ್ತು ಗಿರಾಕಿಗಳಿರುವ ಸಣ್ಣ ಕಾರ್ಖಾನೆಯವರಿಗೆ ಇವುಗಳಲ್ಲಿ ಬಹುಪಾಲು ಹೊರೆಯೇ. ಅವರ ನಷ್ಟ ಸಾಮಾನ್ಯವಾಗಿ ಆಗುವುದು ವಂಚನೆಯಿಂದಲ್ಲ, ಮರೆವಿನಿಂದ. ‘ಅರವತ್ತು ದಿನ ಮುಂಚೆ ತಿಳಿಸದಿದ್ದರೆ ಕರಾರು ತಾನಾಗಿ ಮುಂದುವರಿಯತಕ್ಕದ್ದು’ ಎಂಬಂಥ ಒಂದು ಸಾಲು ಕಣ್ತಪ್ಪಿದರೆ, ಬೇಡವಾದ ಸೇವೆಗೆ ಇನ್ನೊಂದು ವರ್ಷ ಹಣ ತೆರಬೇಕಾದೀತು. ಇದಕ್ಕೆ ವಾಯಿದೆಯ ದಿನಾಂಕಗಳನ್ನು ಬರೆದಿಟ್ಟ ಒಂದು ಎಕ್ಸೆಲ್ ಪಟ್ಟಿ, ಅದನ್ನು ತಿಂಗಳಿಗೊಮ್ಮೆ ತೆರೆದು ನೋಡುವ ಗುಮಾಸ್ತ, ಇಷ್ಟು ಸಾಕಾಗಬಹುದು. ಗುಮಾಸ್ತ ಕೆಲಸ ಬಿಟ್ಟ ದಿನ ಮಾತ್ರ ಪಟ್ಟಿ ಅನಾಥ.

ಸಾಫ್ಟ್‌ವೇರ್ ಕೊಳ್ಳುವವರು ಎರಡು ಸಂಗತಿಗಳನ್ನು ಮಾರಾಟಗಾರನ ಮುಂದೆಯೇ ಕೇಳಿಬಿಡಬೇಕು. ಪರದೆಯ ಮೇಲೆ ಸಹಿ ಬಿದ್ದ ಮಾತ್ರಕ್ಕೆ ಸ್ಟಾಂಪ್ ಶುಲ್ಕ ತಪ್ಪುವುದಿಲ್ಲ. ಅದನ್ನು ತೆರುವ ವ್ಯವಸ್ಥೆ ಈ ಸಾಫ್ಟ್‌ವೇರ್‌ನಲ್ಲಿದೆಯೇ? ಶುಲ್ಕ ಕಟ್ಟದ ಪತ್ರ ಅಸಿಂಧುವಲ್ಲ, ಆ ಕೊರತೆಯನ್ನು ಸರಿಪಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2023ರ ಡಿಸೆಂಬರ್‌ನಲ್ಲಿ ಹೇಳಿದೆಯಾದರೂ, ಅದನ್ನು ಸರಿಪಡಿಸುವವರೆಗೆ ಪತ್ರ ಸಾಕ್ಷ್ಯವಾಗಿ ನಿಲ್ಲದು. ಎರಡನೆಯದು, ಚಂದಾ ನಿಲ್ಲಿಸಿದ ಮೇಲೆ ತಮ್ಮ ಕರಾರುಗಳು, ಅವುಗಳ ಗುರುತುಪಟ್ಟಿ, ಯಾರು ಯಾವಾಗ ತಿದ್ದಿದರೆಂಬ ದಾಖಲೆ ಇವೆಲ್ಲ ತಮ್ಮ ಕೈಗೆ ಮರಳಿ ಬರುತ್ತವೆಯೇ? ಬಂದರೆ ಯಾವ ರೂಪದಲ್ಲಿ? ಇದಕ್ಕೆ ಉತ್ತರವನ್ನು ಬಾಯಿಮಾತಿನಲ್ಲಿ ಪಡೆಯದೆ, ಆ ಸಾಫ್ಟ್‌ವೇರ್ ಕೊಳ್ಳುವ ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು.