ಕೋಲ್ಟ್ ಪಿಸ್ತೂಲಿನ ಬಿಡಿಭಾಗಗಳು: ಒಂದು ಪ್ರಾಮಾಣ್ಯ ವಿಚಾರ

ಹಳೆಯ ಆಯುಧದ ಜೀರ್ಣೋದ್ಧಾರವೆಂದರೆ ತುಕ್ಕನ್ನು ತೆಗೆದು, ಮುರಿದ ಭಾಗಗಳ ಸ್ಥಾನದಲ್ಲಿ ಹೊಸವನ್ನಿಟ್ಟು, ಮೇಲೆ ಒಪ್ಪವಿಡುವುದೆಂಬ ಭಾವನೆ ಸಾಮಾನ್ಯವಾಗಿದೆ. ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟನ (1814–1862) ಕಾರ್ಖಾನೆಯಲ್ಲಿ ಸಿದ್ಧವಾಗಿ, 1851ರ ನೌಕಾ ಮಾದರಿಯೆಂದು ಹೆಸರಾದ ಆರುಗುಂಡಿನ ಪಿಸ್ತೂಲನ್ನು ಹೀಗೆ ಹೊಸದುಮಾಡಿ ಜೋಡಿಸಿದವರಿಗೆ ಅನೇಕ ವೇಳೆ ಒಂದು ಆಶ್ಚರ್ಯ ಕಾದಿರುತ್ತದೆ. ಭಾಗಗಳೆಲ್ಲ ತಮ್ಮ ತಮ್ಮ ಎಡೆಯಲ್ಲಿರುತ್ತವೆ. ಪಿಸ್ತೂಲು ಮಾತ್ರ ನಡೆಯುವುದಿಲ್ಲ. ಕುದುರೆಯನ್ನು ಹಿಂದಕ್ಕೆಳೆದರೆ ಗುಂಡುಗಳ ಕೋಶಗಳುಳ್ಳ ಉರುಳೆಯು ಅರ್ಧದಲ್ಲಿ ನಿಲ್ಲುತ್ತದೆ, ಇಲ್ಲವೆ ನಿಲ್ಲಬೇಕಾದ ಸ್ಥಳವನ್ನು ಮೀರಿ ಹೋಗುತ್ತದೆ. ಇದನ್ನು ಕಮ್ಮಾರನ ಚಿಂತೆಯೆಂದು ತಳ್ಳಿಬಿಡುವುದು ಇತಿಹಾಸಕಾರನಿಗೆ ಯುಕ್ತವಲ್ಲ. ಯಂತ್ರದಿಂದ ಹುಟ್ಟಿದ ಕೋಲ್ಟನ ಪಿಸ್ತೂಲುಗಳ ಭಾಗಗಳು ಒಂದರಲ್ಲಿದ್ದದ್ದು ಇನ್ನೊಂದಕ್ಕೆ ಒದಗುವಷ್ಟು ಸಮನಾಗಿದ್ದುವೆಂಬ ಪ್ರಸಿದ್ಧವಾದ ಮಾತಿಗೆ ವಿರುದ್ಧವಾಗಿ ಆ ವಸ್ತುವೇ ನುಡಿಯುವ ಸಾಕ್ಷ್ಯವು ಇಲ್ಲಿ ದೊರೆಯುತ್ತದೆ.

ಮೊದಲು ದೋಷದ ಸ್ವರೂಪವನ್ನು ತಿಳಿಯಬೇಕು. ಕುದುರೆಯ ಬುಡಕ್ಕೆ ಒಂದು ಸಣ್ಣ ತಳ್ಳುಗೋಲು ಸೇರಿರುತ್ತದೆ. ಕುದುರೆ ಹಿಂದಕ್ಕೆ ಬಂದಂತೆಲ್ಲ ಈ ಗೋಲು ಮೇಲೇರಿ, ಉರುಳೆಯ ಹಿಂಬದಿಯ ಹಲ್ಲುಗಳಲ್ಲೊಂದನ್ನು ಒತ್ತಿ, ಉರುಳೆಯನ್ನು ಸುತ್ತಿನ ಆರರಲ್ಲೊಂದು ಪಾಲು ತಿರುಗಿಸುತ್ತದೆ. ಕೋಶವು ನಳಿಗೆಗೆ ನೇರವಾದ ಕ್ಷಣದಲ್ಲಿಯೇ ಕೆಳಗಿನಿಂದ ಒಂದು ಅಗುಳಿ ಎದ್ದು ಉರುಳೆಯ ಕಚ್ಚಿನಲ್ಲಿ ಕುಳಿತುಕೊಳ್ಳಬೇಕು. ತಳ್ಳುಗೋಲು ಗಿಡ್ಡವಾದರೆ ಕೋಶವು ನಳಿಗೆಯವರೆಗೆ ಬರುವುದೇ ಇಲ್ಲ; ಉದ್ದವಾದರೆ ಉರುಳೆಯು ಅಗುಳಿಯಲ್ಲಿ ಸಿಕ್ಕಿಕೊಂಡ ಮೇಲೂ ಗೋಲು ಅದನ್ನು ಒತ್ತುತ್ತಲೇ ಇದ್ದು, ಕುದುರೆ ಪೂರ್ಣವಾಗಿ ಹಿಂದಕ್ಕೆ ಬಾರದು. ಅಗುಳಿಯು ಕಾಲಕ್ಕೆ ಮುಂಚೆ ಎದ್ದರೆ ಉರುಳೆಯ ಮೈಮೇಲೆ ಗೀರು ಬೀಳುತ್ತದೆ. ತಡವಾಗಿ ಎದ್ದರೆ ಉರುಳೆ ಕಚ್ಚನ್ನು ದಾಟಿಬಿಡುತ್ತದೆ. ನಳಿಗೆಯನ್ನು ಅಚ್ಚುಗೂಟಕ್ಕೆ ಬಿಗಿಯುವ ಬೆಣೆಯ ವಿಷಯವೂ ಹೀಗೆಯೇ. ಅದು ಮಿತಿಮೀರಿ ಒಳಹೊಕ್ಕರೆ ನಳಿಗೆಯು ಉರುಳೆಯನ್ನು ಅಮುಕಿ ಹಿಡಿಯುತ್ತದೆ. ಸಡಿಲವಾದರೆ ಇವೆರಡರ ನಡುವಣ ಸಂದು ದೊಡ್ಡದಾಗುತ್ತದೆ. ಕೂದಲೆಳೆಯಷ್ಟು ಅಂತರವೂ ಇಲ್ಲಿ ಗಣನೀಯವೇ. ಆದುದರಿಂದ ದೋಷವನ್ನು ಹುಡುಕುವವನು ಮದ್ದಾಗಲಿ ಕೇಪಾಗಲಿ ಇಲ್ಲದ ಬರಿಯ ಪಿಸ್ತೂಲಿನ ಕುದುರೆಯನ್ನು ಮೆಲ್ಲಮೆಲ್ಲನೆ ಎಳೆದು, ಆರು ಕೋಶಗಳನ್ನೂ ಬೇರೆಬೇರೆಯಾಗಿ ಪರೀಕ್ಷಿಸುತ್ತಾನೆ. ಆರರಲ್ಲಿಯೂ ಒಂದೇ ದೋಷ ಕಂಡರೆ ತಪ್ಪು ಪ್ರಾಯಶಃ ತಳ್ಳುಗೋಲಿನದು ಅಥವಾ ಅಗುಳಿಯದು. ಒಂದೆರಡರಲ್ಲಿ ಮಾತ್ರ ಕಂಡರೆ ಉರುಳೆಯ ಹಲ್ಲು ಅಥವಾ ಕಚ್ಚುಗಳದು.

ಹೊಸ ಭಾಗವು ಒಡನೆಯೇ ಏಕೆ ಹೊಂದುವುದಿಲ್ಲ? ಇದಕ್ಕೆ ಉತ್ತರವು ಹತ್ತೊಂಬತ್ತನೆಯ ಶತಮಾನದ ಕಾರ್ಖಾನೆಯ ಪದ್ಧತಿಯಲ್ಲಿದೆ. ಸಮಾನಭಾಗಗಳ ಕಲ್ಪನೆ ಕೋಲ್ಟನದಲ್ಲ. 1785ರಲ್ಲಿ ಫ್ರಾನ್ಸಿನ ಆನರೆ ಬ್ಲಾಂಕ್ ಎಂಬ ಕುಶಲಿಯ ಕಾರ್ಯಾಗಾರದಲ್ಲಿ ಥಾಮಸ್ ಜೆಫರ್ಸನ್ನನು ಬಂದೂಕಿನ ಚಾಪುಗಳ ಬಿಡಿಭಾಗಗಳನ್ನು ಕೈಗೆ ಬಂದಂತೆ ಆಯ್ದು ತಾನೇ ಜೋಡಿಸಿ ನೋಡಿದನು. 1813ರಲ್ಲಿ ಅಮೆರಿಕದ ಸರಕಾರವು ಸಿಮಿಯನ್ ನಾರ್ತನೊಡನೆ 20,000 ಪಿಸ್ತೂಲುಗಳಿಗಾಗಿ ಮಾಡಿಕೊಂಡ ಕರಾರಿನಲ್ಲಿ, ಯಾವ ಪಿಸ್ತೂಲಿನ ಯಾವ ಭಾಗವಾದರೂ ಉಳಿದ ಯಾವುದಕ್ಕಾದರೂ ಒದಗತಕ್ಕದ್ದೆಂಬ ನಿಯಮವಿತ್ತು. ಈ ಆದರ್ಶವು ಸರಕಾರಿ ಆಯುಧಾಗಾರಗಳಲ್ಲಿ ಬಹುಕಾಲದ ಮೇಲೆ, ಬಹುದ್ರವ್ಯವ್ಯಯದಿಂದ ಕೈಗೂಡಿತು. 1854ರಲ್ಲಿ ಸ್ಪ್ರಿಂಗ್‌ಫೀಲ್ಡಿಗೆ ಬಂದ ಬ್ರಿಟಿಷ್ ಸಮಿತಿಯವರು 1844ರಿಂದ 1853ರ ವರೆಗಿನ ಹತ್ತು ವರ್ಷಗಳಿಂದ ಒಂದೊಂದರಂತೆ ಹತ್ತು ಬಂದೂಕುಗಳನ್ನು ತೆಗೆದು ಬಿಚ್ಚಿಸಿ, ಭಾಗಗಳನ್ನು ಬೆರಸಿ ಕೊಟ್ಟಾಗ, ಕೆಲಸಗಾರನೊಬ್ಬನು ತಿರುಪುಳಿಯೊಂದರಿಂದಲೇ ಅವನ್ನು ಮರಳಿ ಜೋಡಿಸಿದನು.

ಕೋಲ್ಟನ ಮಾರ್ಗ ಬೇರೆಯದು. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ತನ್ನ ಪಿಸ್ತೂಲುಗಳನ್ನಿಟ್ಟು, ಅದೇ ವರ್ಷ ನವೆಂಬರಿನಲ್ಲಿ ಅಲ್ಲಿಯ ಸಿವಿಲ್ ಎಂಜಿನಿಯರುಗಳ ಸಂಸ್ಥೆಯಲ್ಲಿ ಯಂತ್ರನಿರ್ಮಾಣವನ್ನು ಕುರಿತು ಪ್ರಬಂಧವನ್ನೋದಿ, ಅವನು ಕೀರ್ತಿಯನ್ನು ಪಡೆದನು. 1853ರಲ್ಲಿ ಥೇಮ್ಸ್ ನದಿಯ ದಡದಲ್ಲಿ ಕಾರ್ಖಾನೆಯನ್ನೂ ತೆರೆದನು. ಯಂತ್ರಗಳು ಲೋಹವನ್ನು ಬಹುಮಟ್ಟಿಗೆ ಆಕಾರಕ್ಕೆ ತರುತ್ತಿದ್ದುವೆಂಬುದು ನಿಜ. ಕೊನೆಯ ಹೊಂದಿಕೆಯು ಮಾತ್ರ ಅರ ಹಿಡಿದ ಕೈಯದೇ ಆಗಿತ್ತು. ಲೋಹವು ಮೆತ್ತಗಿರುವಾಗಲೇ ಭಾಗಗಳನ್ನು ಒಂದಕ್ಕೊಂದು ಉಜ್ಜಿ ಹೊಂದಿಸಿ, ಆಮೇಲೆ ಬಿಚ್ಚಿ ಹದಕೊಡುತ್ತಿದ್ದರು. ಬಿಚ್ಚಿದ ಭಾಗಗಳು ಬೆರಕೆಯಾಗದಿರಲೆಂದು ಚೌಕಟ್ಟು, ನಳಿಗೆ, ಉರುಳೆ, ಅಚ್ಚುಗೂಟ, ಕೊನೆಗೆ ಬೆಣೆಯ ಮೇಲೆ ಸಹ ಒಂದೇ ಸಂಖ್ಯೆಯನ್ನು ಒತ್ತಿರುತ್ತಿತ್ತು. ಭಾಗಗಳು ನಿಜವಾಗಿಯೂ ಸಮನಾಗಿದ್ದಲ್ಲಿ ಬೆಣೆಗೆ ಸಂಖ್ಯೆಯೇಕೆ? ಡೇವಿಡ್ ಹೌನ್‌ಶೆಲ್ಲರು 1984ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸಂಖ್ಯೆಗಳನ್ನೂ ಅರದ ಗುರುತುಗಳನ್ನೂ ಆಧಾರವಾಗಿಟ್ಟುಕೊಂಡು ಕೋಲ್ಟನ ವಿಷಯದ ಹಳೆಯ ನಂಬಿಕೆಯನ್ನು ನಿರಾಕರಿಸಿದ್ದಾರೆ. ಅವರ ನಿರ್ಣಯವೇ ಸಾಧುವಾಗಿ ತೋರುತ್ತದೆ.

ಓಲೆಗರಿಯ ಕಟ್ಟುಗಳೊಡನೆ ಬಳಕೆಯುಳ್ಳವರಿಗೆ ಇದು ಅಪರಿಚಿತವಾದ ವಿಷಯವಲ್ಲ. ಗರಿಯ ಅಂಚಿನ ಅಂಕಿಯು ಅದು ಯಾವ ಕಟ್ಟಿನ ಎಷ್ಟನೆಯದೆಂಬುದನ್ನು ಹೇಳುವಂತೆ, ಲೋಹದ ಮೇಲಿನ ಸಂಖ್ಯೆಯು ಆ ಭಾಗದ ಕುಲವನ್ನು ಹೇಳುತ್ತದೆ. ಬೇರೆ ಪ್ರತಿಯ ಗರಿಯನ್ನು ತಂದು ಸೇರಿಸಿದರೆ ಗ್ರಂಥ ತುಂಬಿದಂತೆ ಕಾಣಬಹುದು. ಸಂಧಿಸ್ಥಾನದಲ್ಲಿ ಪಾಠವು ಮುಗ್ಗರಿಸುತ್ತದೆ.

ಈಚಿನ ಜೀರ್ಣೋದ್ಧಾರಗಳಲ್ಲಿ ತೊಡಕು ಇನ್ನೂ ಹೆಚ್ಚಿದೆ. 1950ರ ದಶಕದ ಕೊನೆಯಿಂದ ಇಟಲಿಯ ಬ್ರೆಷ್ಯ ಪ್ರಾಂತದಲ್ಲಿ ಈ ಮಾದರಿಯ ಅನುಕರಣಗಳು ಹೇರಳವಾಗಿ ಹುಟ್ಟಿದುವು. ಅವುಗಳ ಭಾಗಗಳು ಸುಲಭವಾಗಿ ದೊರೆಯುವುದರಿಂದ ಹಳೆಯ ಪಿಸ್ತೂಲುಗಳಿಗೂ ಅವನ್ನೇ ತೊಡಿಸುವ ಪ್ರಯತ್ನ ನಡೆಯುತ್ತದೆ. ತಿರುಪುಗಳ ಸುತ್ತೇ ಬೇರೆ, ಅಳತೆಯೂ ಬೇರೆ. ಆಗ ಯಾವುದನ್ನು ಅರಕ್ಕೆ ಕೊಡಬೇಕೆಂಬ ಪ್ರಶ್ನೆ ಏಳುತ್ತದೆ. ಹೊಸ ತಳ್ಳುಗೋಲನ್ನು ಕೆಡಿಸಿದರೆ ಮತ್ತೊಂದನ್ನು ತರಬಹುದು; ಹಳೆಯ ಉರುಳೆಯ ಹಲ್ಲನ್ನು ಉಜ್ಜಿದರೆ ನೂರೆಪ್ಪತ್ತು ವರ್ಷಗಳ ಹಿಂದಿನ ಕೈಯ ಗುರುತು ಅಲ್ಲಿಗೆ ಅಳಿಯಿತು. ಆದರೂ ಅವಸರದವರು ಎರಡನೆಯದನ್ನೇ ಮಾಡಿರುವ ನಿದರ್ಶನಗಳು ಕಡಮೆಯಲ್ಲ.

ಇದಕ್ಕಿಂತಲೂ ಹೆಚ್ಚಿನ ಹಾನಿಯು ಹೊಳಪಿನಿಂದಾಗುತ್ತದೆ. ನೀಲಿಯ ಒಪ್ಪವನ್ನು ಹೊಸದಾಗಿ ಏರಿಸುವ ಮೊದಲು ತುಕ್ಕಿನ ಕುಳಿಗಳು ಮಾಯವಾಗುವವರೆಗೆ ಲೋಹವನ್ನು ಉಜ್ಜುತ್ತಾರೆ. ಕಚ್ಚುಗಳ ಚೂಪಾದ ಅಂಚು ದುಂಡಗಾಗಿ ಅಗುಳಿ ಜಾರಲು ತೊಡಗುತ್ತದೆ. ಜೋಡಿಸಿದವನು ದೋಷವನ್ನು ಹೊಸ ಅಗುಳಿಯ ಮೇಲೆ ಹೊರಿಸಿ ಅದನ್ನೇ ಮತ್ತೆ ಮತ್ತೆ ತಿದ್ದುತ್ತಾನೆ. ನಿಜವಾದ ಅಪರಾಧಿ ಒಪ್ಪಗಾರನು. ಈ ಮಾದರಿಯ ಉರುಳೆಯ ಸುತ್ತಲೂ ಟೆಕ್ಸಸ್ ಮತ್ತು ಮೆಕ್ಸಿಕೋ ನೌಕಾಬಲಗಳಿಗೆ 1843ನೆಯ ಮೇ 16ರಂದು ಕಾಂಪೇಚೆಯ ಬಳಿ ನಡೆದ ಕಾಳಗದ ಚಿತ್ರವನ್ನು ಆರ್ಮ್ಸ್‌ಬಿ ಎಂಬ ಕೆತ್ತನೆಗಾರನ ಅಚ್ಚಿನಿಂದ ಉರುಳಿಸಿ ಮೂಡಿಸಿರುತ್ತದೆ. ಅದರ ಗೆರೆಗಳು ಬಹಳ ತೆಳುವಾದುವು. ಉರುಳೆಯಲ್ಲಿ ಹಡಗುಗಳು ಮಾಸಿ, ಮೇಲೆ ನೀಲಿ ಮಾತ್ರ ಹೊಚ್ಚಹೊಸದಾಗಿ ಮಿರುಗುತ್ತಿದ್ದರೆ, ಆ ಪಿಸ್ತೂಲಿನ ಕಚ್ಚುಗಳನ್ನೂ ಸಂಖ್ಯೆಗಳನ್ನೂ ಸಂದೇಹದಿಂದಲೇ ನೋಡಬೇಕು. ಉಜ್ಜಿ ಅಳಿಸಿದೆಡೆಯಲ್ಲಿ ಹೊಂದುವ ಸಂಖ್ಯೆಯನ್ನು ಹೊಸದಾಗಿ ಒತ್ತುವ ಕೂಟಕರ್ಮವೂ ಪ್ರಚಾರದಲ್ಲಿದೆ.

ಇಂತಹ ಸಂದರ್ಭದಲ್ಲಿ ಹಿಡಿಯ ಮರವನ್ನು ಬಿಚ್ಚಿ ನೋಡುವುದು ಪ್ರಯೋಜನಕರ. ಲೋಹದ ಬೆನ್ನುಪಟ್ಟಿಯು ಕೂಡುವ ಒಳಗಾಡಿಯಲ್ಲಿ ಕಾರ್ಖಾನೆಯವರು ಪಿಸ್ತೂಲಿನ ಸಂಖ್ಯೆಯನ್ನು ಮಸಿಯಿಂದ ಬರೆದಿಡುವುದುಂಟು. ಒಪ್ಪಗಾರನ ಕೈ ಅಲ್ಲಿಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಆ ಮಸಿಯ ಅಂಕಿಗೂ ಚೌಕಟ್ಟಿನ ಸಂಖ್ಯೆಗೂ ವ್ಯತ್ಯಾಸ ಕಂಡುಬಂದಲ್ಲಿ, ಹಿಡಿಯು ಬೇರೊಂದು ಪಿಸ್ತೂಲಿನಿಂದ ಬಂದಿತೋ, ಚೌಕಟ್ಟಿನ ಸಂಖ್ಯೆಯನ್ನೇ ಮರಳಿ ಒತ್ತಿದರೋ ಎಂಬುದನ್ನು ಉಳಿದ ಭಾಗಗಳೊಡನೆ ಒಂದೊಂದಾಗಿ ಹೋಲಿಸಿಯೇ ನಿರ್ಣಯಿಸಬೇಕಾಗುತ್ತದೆ.