ಮಕ್ಕಳ ಹಾಯಿದೋಣಿಗೆ ಊರಿನ ಆಸರೆ: ಒಂದು ಪರಿಚಯ

ಬಣಕಲ್: ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿ, ಬಣಕಲ್ ಸುತ್ತಿನ ಹಳ್ಳ-ತೊರೆಗಳ ನೀರನ್ನು ಕೂಡಿಸಿಕೊಂಡು, ಸಕಲೇಶಪುರದ ಮಾರ್ಗವಾಗಿ ಇಳಿದು, ಹಾಸನ ಜಿಲ್ಲೆಯ ಗೊರೂರಿನಲ್ಲಿ ವಿಶಾಲ ಜಲಾಶಯವಾಗುತ್ತದೆ. ಕಳಸ, ಬಾಳೆಹೊನ್ನೂರುಗಳನ್ನು ಹಾದುಹೋಗುವ ಭದ್ರೆ ಲಕ್ಕವಳ್ಳಿಯ ಅಣೆಕಟ್ಟೆಯ ಹಿಂದೆ ನಿಲ್ಲುತ್ತದೆ. ಹೇಮಾವತಿ ಜಲಾಶಯದ ಸಾಮರ್ಥ್ಯ ಸುಮಾರು 37 ಟಿಎಂಸಿ ಅಡಿ, ಭದ್ರಾ ಜಲಾಶಯದ್ದು 71.5 ಟಿಎಂಸಿ ಅಡಿ. ಇಷ್ಟು ನೀರನ್ನು ಕೆಳನಾಡಿಗೆ ಕಳುಹಿಸಿಕೊಡುವ ಕಾಫಿ ಸೀಮೆಯ ಮಕ್ಕಳಿಗೆ ಮಾತ್ರ ನೀರೆಂದರೆ ಬಹುಪಾಲು ಭಯವೇ. ಹೊಳೆಗೆ ಇಳಿಯಬೇಡ ಎಂಬುದು ಮಲೆನಾಡಿನ ಪ್ರತಿ ಮನೆಯ ಬುದ್ಧಿಮಾತು.

ಈ ಭಯ ನಿರಾಧಾರವಲ್ಲ. 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಮೃತಪಟ್ಟರೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರತಂದ ವರದಿ ಹೇಳುತ್ತದೆ. ಜುಲೈ 25ನ್ನು ಮುಳುಗು ಸಾವು ತಡೆಯ ದಿನವೆಂದು ವಿಶ್ವಸಂಸ್ಥೆ 2021ರಲ್ಲಿ ಘೋಷಿಸಿತು. ಮಲೆನಾಡಿನಲ್ಲಿ ಆ ದಿನ ಹೊಳೆಗಳು ತುಂಬಿ ಹರಿಯುವ ಕಾಲ ಎಂಬುದು ಕಾಕತಾಳೀಯವಾದರೂ ಅರ್ಥಪೂರ್ಣವಾಗಿದೆ. ಹೊಳೆಯಿಂದ ಮಕ್ಕಳನ್ನು ದೂರವಿಡುವುದು ಒಂದು ಉಪಾಯ. ನೀರನ್ನು ಅರಿಯಲು ಕಲಿಸುವುದು ಇನ್ನೊಂದು. ಎರಡನೆಯ ದಾರಿಯನ್ನು ಹಿಡಿದ ಕ್ರೀಡೆಗಳಲ್ಲಿ ಹಾಯಿದೋಣಿಯದು ಪ್ರಮುಖ ಸ್ಥಾನ. ಸಮುದ್ರವಿಲ್ಲದ ಊರುಗಳಲ್ಲಿಯೂ ಅದು ಬೇರೂರಿದ ಬಗೆ ಹಾಗೂ ಅದಕ್ಕೆ ಊರಿನವರು ಒದಗಿಸಿದ ಆಸರೆಯ ಸ್ವರೂಪವನ್ನು ಇಲ್ಲಿ ಪರಿಚಯಿಸಲಾಗಿದೆ.

ಪುಟ್ಟ ದೋಣಿಯ ಹುಟ್ಟು

ಜಗತ್ತಿನ ಬಹುಪಾಲು ಮಕ್ಕಳು ಹಾಯಿ ಹಿಡಿಯಲು ಕಲಿಯುವುದು 'ಆಪ್ಟಿಮಿಸ್ಟ್' ಎಂಬ ದೋಣಿಯಲ್ಲಿ. ಉದ್ದ ಕೇವಲ 2.3 ಮೀಟರ್ ಚಿಲ್ಲರೆ, ತೂಕ 35 ಕಿಲೋ, ಹಾಯಿಯ ವಿಸ್ತೀರ್ಣ ಸುಮಾರು 3.3 ಚದರ ಮೀಟರ್. ಮುಂತುದಿ ಚೂಪಾಗಿರದೆ ಮೊಂಡಾಗಿರುವುದರಿಂದ ದೂರಕ್ಕೆ ತೇಲುವ ಪೆಟ್ಟಿಗೆಯಂತೆ ಕಾಣುತ್ತದೆ. ಒಂದು ಮಗು ಒಂಟಿಯಾಗಿ ನಡೆಸುವ ಈ ದೋಣಿಯ ಸ್ಪರ್ಧೆಗಳು 15 ವರ್ಷದವರೆಗಿನವರಿಗೆ ಮೀಸಲು.

ಅದರ ಹುಟ್ಟಿನ ಹಿನ್ನೆಲೆ ಮಲೆನಾಡಿನ ಓದುಗರಿಗೆ ಪರಿಚಿತವೆನಿಸಬಹುದು. ಅಮೆರಿಕದ ಫ್ಲಾರಿಡಾ ರಾಜ್ಯದ ಕ್ಲಿಯರ್‌ವಾಟರ್ ಪಟ್ಟಣದಲ್ಲಿ ಆಪ್ಟಿಮಿಸ್ಟ್ ಕ್ಲಬ್ ಎಂಬ ಸೇವಾ ಸಂಸ್ಥೆಯಿತ್ತು. ನಮ್ಮ ರೋಟರಿ, ಲಯನ್ಸ್‌ಗಳ ಬಗೆಯದು. ಮಕ್ಕಳೇ ಮಾಡಿದ ಮರದ ಬಂಡಿಗಳನ್ನು ಇಳಿಜಾರಿನಲ್ಲಿ ಓಡಿಸುವ ಪಂದ್ಯವನ್ನು ಅದು ನಡೆಸುತ್ತಿತ್ತು. ವರ್ಷಕ್ಕೊಂದು ದಿನದ ಈ ಸಂಭ್ರಮಕ್ಕೆ ಬದಲಾಗಿ, ಕಡಿಮೆ ಖರ್ಚಿನಲ್ಲಿ ಮಕ್ಕಳು ಮತ್ತೆ ಮತ್ತೆ ನೀರಿಗೆ ಇಳಿಯುವಂತಹ ಚಟುವಟಿಕೆ ಬೇಕೆಂದು ಸೂಚಿಸಿದವರು ಮೇಜರ್ ಕ್ಲಿಫರ್ಡ್ ಮೆಕೇ. 1947ರಲ್ಲಿ ದೋಣಿ ವಿನ್ಯಾಸಕ ಕ್ಲಾರ್ಕ್ ಮಿಲ್ಸ್, ನಾಲ್ಕು ಅಡಿ ಅಗಲ ಎಂಟು ಅಡಿ ಉದ್ದದ ಎರಡು ಪ್ಲೈವುಡ್ ಹಲಗೆಗಳಲ್ಲಿ ಮಾಡಿ ಮುಗಿಸಬಹುದಾದ ದೋಣಿಯೊಂದನ್ನು ರೂಪಿಸಿದರು. ತಮ್ಮ ನಕ್ಷೆಯನ್ನು ಅವರು ಸಂಸ್ಥೆಗೆ ಉಚಿತವಾಗಿಯೇ ಕೊಟ್ಟರು. ಇಂದು ನೂರಕ್ಕೂ ಹೆಚ್ಚು ದೇಶಗಳಲ್ಲಿರುವ ದೋಣಿಯೊಂದರ ಆರಂಭ ಹೀಗೆ ಒಂದು ದಾನದಿಂದ ಆಯಿತು.

ಅದಕ್ಕಿಂತಲೂ ಗಮನಾರ್ಹವಾದದ್ದು ಮುಂದಿನ ಘಟನೆ. ಕೆಲವು ವರ್ಷಗಳ ಬಳಿಕ, ದೋಣಿಗಳನ್ನು ಇರಿಸಿದ್ದ ಗ್ಯಾರೇಜ್ ಬೆಂಕಿಗೆ ಆಹುತಿಯಾಗಿ ಬಹುತೇಕ ದೋಣಿಗಳು ನಾಶವಾದವು. ಸಂಸ್ಥೆಯ ಅಧ್ಯಕ್ಷರು ಸಾರ್ವಜನಿಕರಲ್ಲಿ ಮನವಿ ಮಾಡಿದರು. ಊರಿನವರು ಹಣ ಕೊಟ್ಟು ಹೊಸ ದೋಣಿಗಳ ಸಾಲನ್ನೇ ಕಟ್ಟಿಸಿದರು. ದೋಣಿಗಳಿಗಾಗಿಯೇ ಪ್ರತ್ಯೇಕ ಮಕ್ಕಳ ಕ್ಲಬ್ ಏರ್ಪಟ್ಟದ್ದು ಆಗಲೇ. ಮೊದಲ ಸಲ ದಾನ ಕೊಡುವುದಕ್ಕಿಂತ ಎಲ್ಲವೂ ಸುಟ್ಟುಹೋದ ಮೇಲೆ ಎರಡನೆಯ ಸಲ ಕೊಡುವುದು ಕಷ್ಟ. ಮುಂದೆ ಆಕ್ಸೆಲ್ ಡಾಮ್ಸ್‌ಗಾರ್ಡ್ ಎಂಬವರ ಮೂಲಕ ಈ ದೋಣಿ ಡೆನ್ಮಾರ್ಕ್ ತಲುಪಿ ಅಲ್ಲಿಂದ ಯುರೋಪಿಗೆಲ್ಲ ಹರಡಿತು.

ಒಳನಾಡಿನ ಕೆರೆಗಳಲ್ಲಿ

ಹಾಯಿದೋಣಿಗೆ ಸಮುದ್ರವೇ ಬೇಕೆಂಬುದು ತಪ್ಪು ಕಲ್ಪನೆ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬಾಲಕಿಯರ ವಿಭಾಗದಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತ ಕುಟುಂಬದವರು. ಕಲಿತದ್ದು ಭೋಪಾಲದ ದೊಡ್ಡ ಕೆರೆಯಲ್ಲಿ. ಆದರೆ ಅಲ್ಲಿನದು ಸರಕಾರದ ಹಣದಲ್ಲಿ ನಡೆಯುವ ಅಕಾಡೆಮಿ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಹಾಯಿ ಬಿಚ್ಚುವ ತೃಷ್ಣಾ ಸೇಲಿಂಗ್ ಕ್ಲಬ್ ಸೇನೆಯ ಮದ್ರಾಸ್ ಇಂಜಿನಿಯರ್ ಗ್ರೂಪಿಗೆ ಸೇರಿದ್ದು. 1985ರಿಂದ 1987ರವರೆಗೆ ಭೂಪ್ರದಕ್ಷಿಣೆ ಮಾಡಿದ, ಸೇನೆಯ ಇಂಜಿನಿಯರುಗಳ 'ತೃಷ್ಣಾ' ನೌಕೆಯ ಹೆಸರು ಅದಕ್ಕಿದೆ. ಟೋಕಿಯೊ ಹಾಗೂ ಪ್ಯಾರಿಸ್ ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದ ವಿಷ್ಣು ಸರವಣನ್ ಇದೇ ಗ್ರೂಪಿನ ಯೋಧ. ಸೇನೆಗಾಗಲಿ ಸರಕಾರಕ್ಕಾಗಲಿ ಇರುವ ಅನುಕೂಲ ಒಂದು ಊರಿನ ಸಂಘಕ್ಕೆ ಇರುವುದಿಲ್ಲ.

ಆ ದೃಷ್ಟಿಯಿಂದ ಹೆಚ್ಚು ಹತ್ತಿರದ ಉದಾಹರಣೆ ಹೈದರಾಬಾದಿನದು. 2009ರಲ್ಲಿ ಸುಹೇಮ್ ಶೇಖ್ ಅವರು ಸ್ಥಾಪಿಸಿದ ಯಾಟ್ ಕ್ಲಬ್ ಆಫ್ ಹೈದರಾಬಾದ್, ಹುಸೇನ್ ಸಾಗರದಲ್ಲಿ ಬಡ ಕುಟುಂಬಗಳ ಹಾಗೂ ಸರಕಾರಿ ಶಾಲೆಗಳ ಮಕ್ಕಳನ್ನು ಕರೆತಂದು ಹಾಯಿ ಹಿಡಿಯಲು ಕಲಿಸಿತು. ಹೆಣ್ಣುಮಕ್ಕಳಿಗಾಗಿ 'ನಾವಿಕಾ' ಎಂಬ ಯೋಜನೆಯನ್ನು ಹಮ್ಮಿಕೊಂಡಿತು. ಇಲ್ಲಿ ಪಳಗಿದ ಪ್ರೀತಿ ಕೊಂಗರ 2023ರ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತವನ್ನು ಪ್ರತಿನಿಧಿಸಿದರು. ಹುಸೇನ್ ಸಾಗರದ ನೀರು ಎಷ್ಟು ಮಲಿನವೆಂಬುದು ಆ ದಂಡೆಯಲ್ಲಿ ಒಮ್ಮೆ ನಡೆದವರಿಗೂ ಗೊತ್ತು. ಅಂತಹ ಕೆರೆಯಲ್ಲಿ ಸಾಧ್ಯವಾದದ್ದು ನಿರ್ಮಲ ಜಲಾಶಯಗಳ ನೆರೆಯಲ್ಲಿ ಏಕೆ ಆಗಲಿಲ್ಲ ಎಂಬ ಪ್ರಶ್ನೆ ಸಹಜ.

ಮಲೆನಾಡಿನಲ್ಲಿ ಯತ್ನವೇ ನಡೆದಿಲ್ಲವೆಂದಲ್ಲ. ಸಾಗರ ತಾಲ್ಲೂಕಿನ ಹೊನ್ನೇಮರಡುವಿನಲ್ಲಿ, ಲಿಂಗನಮಕ್ಕಿ ಜಲಾಶಯದ ಹಿನ್ನೀರಿನ ದಡದಲ್ಲಿ, ಎಸ್.ಎಲ್.ಎನ್. ಸ್ವಾಮಿ ಹಾಗೂ ನೊಮಿಟೊ ಕಾಮದಾರ್ ಅವರು 'ದಿ ಅಡ್ವೆಂಚರರ್ಸ್' ಸಂಸ್ಥೆಯ ಮೂಲಕ ತೆಪ್ಪ, ಕಯಾಕ್, ಗಾಳಿಹಾಯಿ ಹಲಗೆಗಳ ಶಿಬಿರಗಳನ್ನು ನಡೆಸಿ ತಲೆಮಾರುಗಳ ಯುವಜನರನ್ನು ನೀರಿಗೆ ಪರಿಚಯಿಸಿದರು. ಜಲಕ್ರೀಡೆಯೆಂದರೆ ಮೋಜಲ್ಲ, ಶಿಸ್ತಿನ ಕಲಿಕೆ ಎಂಬ ನಿಲುವು ಆ ಕೇಂದ್ರದ್ದು. ಶಾಲಾ-ಕಾಲೇಜು ಮಟ್ಟದಲ್ಲಿ ಎನ್‌ಸಿಸಿಯ ನೌಕಾ ವಿಭಾಗವೂ ಹಾಯಿ, ಹುಟ್ಟುಗಳ ಪಾಠ ಹೇಳುತ್ತದೆ. ಕಾಫಿ ಸೀಮೆಯ ಹೆಸರು ಒಲಿಂಪಿಕ್ಸ್ ಹಾಯಿಗೂ ಅಂಟಿಕೊಂಡಿದೆ: 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ವರುಣ್ ಠಕ್ಕರ್ ಜೊತೆ ಸ್ಪರ್ಧಿಸಿದ ಕೆ.ಸಿ. ಗಣಪತಿ ಕೊಡಗು ಮೂಲದವರು. ಆದರೆ ಅವರು ಬೆಳೆದದ್ದು ಚೆನ್ನೈಯ ಕಡಲಿನಲ್ಲಿ.

ಆಸರೆ ಎಂದರೇನು?

ದೋಣಿಯ ಬೆಲೆಯೇ ದೊಡ್ಡ ಅಡ್ಡಿ ಎಂದು ಮೇಲುನೋಟಕ್ಕೆ ಅನಿಸುತ್ತದೆ. ಸ್ಪರ್ಧೆಗೆ ಸಲ್ಲುವ ಹೊಸ ಆಪ್ಟಿಮಿಸ್ಟ್‌ಗೆ ಲಕ್ಷಗಳ ಲೆಕ್ಕದಲ್ಲಿ ಹಣ ಬೇಕೆಂಬುದೂ ನಿಜ. ಆದರೆ ದೋಣಿ ಒಮ್ಮೆ ಕೊಳ್ಳುವ ವಸ್ತು. ಅದರ ಮೇಲೆ ದಾನಿಯ ಹೆಸರು ಬರೆಸಬಹುದು, ಹಸ್ತಾಂತರದ ಫೋಟೋ ತೆಗೆಯಬಹುದು. ಹೆಸರು ಬರೆಸಲಾಗದ ಖರ್ಚುಗಳೇ ಇಂತಹ ಸಂಘಗಳನ್ನು ಮುಳುಗಿಸುವುದು.

ಮೊದಲನೆಯದು ರಕ್ಷಣಾ ದೋಣಿ. ಮಕ್ಕಳು ನೀರಿನಲ್ಲಿರುವಷ್ಟು ಹೊತ್ತೂ ಇಂಜಿನ್ ಇರುವ ದೋಣಿಯೊಂದು, ಅದನ್ನು ನಡೆಸಬಲ್ಲ ವಯಸ್ಕನೊಬ್ಬ ಸಿದ್ಧವಾಗಿರಲೇಬೇಕು. ಅದಕ್ಕೆ ಪೆಟ್ರೋಲು ಬೇಕು, ಆತನಿಗೆ ಸಂಬಳ ಬೇಕು. ಲೈಫ್ ಜಾಕೆಟ್‌ಗಳು ಮಕ್ಕಳ ತೂಕಕ್ಕೆ ತಕ್ಕವಾಗಿರಬೇಕು. ಬಿಸಿಲಿಗೆ ಬಣ್ಣಗೆಟ್ಟು ಬಟ್ಟೆ ಜೀರ್ಣವಾದವನ್ನು ಮುಲಾಜಿಲ್ಲದೆ ಎಸೆಯಬೇಕು. ಹಾಯಿ ಹರಿಯುತ್ತದೆ, ಹಗ್ಗ ಸವೆಯುತ್ತದೆ, ಫೈಬರ್ ಬಿರುಕು ಬಿಡುತ್ತದೆ. ದಡದಲ್ಲಿ ಹೆಣ್ಣುಮಕ್ಕಳು ಬಟ್ಟೆ ಬದಲಿಸಲು ಕೊಠಡಿ ಮತ್ತು ಶೌಚಾಲಯ ಇಲ್ಲದಿದ್ದರೆ ಎರಡನೆಯ ವಾರಕ್ಕೆ ಅವರ ಸಂಖ್ಯೆ ಇಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಬೆಂಬಲ ತಾಯಂದಿರ ಒಪ್ಪಿಗೆ. ತರಬೇತಿಯ ಆರಂಭದ ಪಾಠಗಳಲ್ಲೊಂದು ದೋಣಿಯನ್ನು ಬೇಕೆಂದೇ ಮಗುಚುವುದು. ಮಗುಚಿದ ದೋಣಿಯ ಅಡಿಯಿಂದ ನೀರಿಗೆ ಇಳಿಬಿಟ್ಟಿರುವ ಹಲಗೆಯ ಮೇಲೆ ಭಾರ ಹಾಕಿ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸಿ, ಒಳಗೇರಿ, ನೀರು ಮೊಗೆದು ಚೆಲ್ಲುವುದನ್ನು ಮಗು ತಾನೇ ಕಲಿಯಬೇಕು. ದಡದಲ್ಲಿ ನಿಂತ ತಂದೆ-ತಾಯಿಗೆ ಇದು ಎದೆ ನಡುಗಿಸುವ ದೃಶ್ಯ. ಆದ್ದರಿಂದ ಈಜು ಬಾರದ ಮಕ್ಕಳಿಗೆ ಮೊದಲು ಈಜು, ಆಮೇಲೆ ಹಾಯಿ ಎಂಬ ಕ್ರಮವನ್ನು ಯಾವ ಸಂಘವೂ ಸಡಿಲಿಸಬಾರದು. ಮಗು ಪದಕ ಗೆಲ್ಲದಿದ್ದರೂ ಈಜು ಬಲ್ಲ ಮಗುವಾಗಿ ಮನೆಗೆ ಮರಳುತ್ತದೆ.

ಹಣದ ಮೂಲಗಳ ಬಗ್ಗೆ ಎರಡು ಮಾತು. 2013ರ ಕಂಪನಿ ಕಾಯ್ದೆಯ 135ನೇ ವಿಧಿಯನ್ವಯ ದೊಡ್ಡ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯಡಿ ವ್ಯಯಿಸಬೇಕಾದ ಹಣವನ್ನು ಗ್ರಾಮೀಣ ಹಾಗೂ ಒಲಿಂಪಿಕ್ ಕ್ರೀಡೆಗಳ ತರಬೇತಿಗೆ ನೀಡಲು ಅವಕಾಶವಿದೆ. ಮಾನ್ಯತೆ ಪಡೆದ ಸಂಸ್ಥೆಗೆ ಕೊಡುವ ದೇಣಿಗೆಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿಯೂ ಇದೆ. ಆದರೆ ಸಂಸ್ಕರಿಸದ ಕಾಫಿ ಮಾರುವ ಬೆಳೆಗಾರನ ಕೃಷಿ ಆದಾಯಕ್ಕೆ ಆ ತೆರಿಗೆಯೇ ಇಲ್ಲದ್ದರಿಂದ ಈ ಆಕರ್ಷಣೆ ಬಣಕಲ್ ಸೀಮೆಯಲ್ಲಿ ಹೆಚ್ಚು ನಡೆಯದು. ವಾಹನ, ಊಟ, ಮರಮಟ್ಟುಗಳಂತಹ ವಸ್ತುರೂಪದ ನೆರವಿಗೆ ರಿಯಾಯಿತಿ ಅನ್ವಯಿಸುವುದೂ ಇಲ್ಲ. ಇಲ್ಲಿ ಕೊಡುವವರು ಕೊಡುವುದು ಊರಿನ ಮೇಲಿನ ಅಭಿಮಾನಕ್ಕೆ.

ಆ ಅಭಿಮಾನಕ್ಕೆ ಕೊರತೆಯಿಲ್ಲ. ಕೆಸರುಗದ್ದೆ ಕ್ರೀಡಾಕೂಟಕ್ಕೆ, ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳಿಗೆ ಟ್ರೋಫಿ ಕೊಡುವವರು, ಊಟ ಹಾಕಿಸುವವರು, ಶಾಮಿಯಾನ ಕಟ್ಟಿಸುವವರು ಮಲೆನಾಡಿನ ಪ್ರತಿ ಊರಿನಲ್ಲಿದ್ದಾರೆ. ರೋಟರಿ, ಲಯನ್ಸ್, ಜೇಸಿ, ಬೆಳೆಗಾರರ ಸಂಘಗಳೂ ಹಿಂದೆ ಬಿದ್ದಿಲ್ಲ. ಅಡಚಣೆ ಇರುವುದು ಇದೆಲ್ಲವೂ ಒಂದು ದಿನದ ದಾನವಾಗಿರುವುದರಲ್ಲಿ. ಕ್ಲಿಯರ್‌ವಾಟರಿನವರು ಇಳಿಜಾರಿನ ಬಂಡಿ ಪಂದ್ಯದ ಆಚೆಗೆ ಯೋಚಿಸಿದ್ದು ಸರಿಯಾಗಿ ಇದೇ ಕಾರಣಕ್ಕೆ. ಕ್ರೀಡಾಕೂಟದ ಮರುದಿನ ಯಾರೂ ಪೆಟ್ರೋಲಿನ ಲೆಕ್ಕ ಕೇಳುವುದಿಲ್ಲ. ಹಾಯಿದೋಣಿಯ ಸಂಘದಲ್ಲಿ ಪ್ರತಿ ತಿಂಗಳೂ ಕೇಳಬೇಕಾಗುತ್ತದೆ.

ಕಾಫಿಯ ಪಂಚಾಂಗ, ಗಾಳಿಯ ಪಂಚಾಂಗ

ಹೊರಗಿನ ಮಾದರಿಯನ್ನು ಇದ್ದಂತೆಯೇ ಇಲ್ಲಿಗೆ ತರಲಾಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಅಬ್ಬರದಲ್ಲಿ ಮಕ್ಕಳನ್ನು ಜಲಾಶಯಕ್ಕೆ ಇಳಿಸುವ ಮಾತೇ ಇಲ್ಲ. ಮಳೆ ನಿಂತು ಜಲಾಶಯಗಳು ತುಂಬಿ ನಿಂತಿರುವ ಚಳಿಗಾಲ ಪ್ರಶಸ್ತವೆನಿಸಿದರೂ, ಆಗಲೇ ಅರೇಬಿಕಾ ಕೊಯ್ಲು ಆರಂಭವಾಗಿ, ಅದರ ಹಿಂದೆಯೇ ರೋಬಸ್ಟಾ ಕೊಯ್ಲು ಬಂದು, ಮಾರ್ಚ್‌ವರೆಗೂ ತೋಟದ ಜೀಪು, ಚಾಲಕ, ತಂದೆ-ತಾಯಿ ಯಾರೊಬ್ಬರೂ ಬಿಡುವಾಗಿರುವುದಿಲ್ಲ. ಲೈನ್ ಮನೆಗಳ ಮಕ್ಕಳನ್ನು ಭಾನುವಾರ ಗೊರೂರಿಗೆ ಕರೆದೊಯ್ಯಬೇಕಾದರೆ ಮೂಡಿಗೆರೆ, ಬೇಲೂರು, ಹಾಸನ ದಾಟಬೇಕು. ವಾರಕ್ಕೊಮ್ಮೆಯ ತರಬೇತಿ ಕಾಗದದ ಮೇಲಷ್ಟೇ ಸುಲಭ.

ಉಳಿಯುವುದು ಏಪ್ರಿಲ್-ಮೇ. ಶಾಲೆಗೆ ರಜೆ, ಕೊಯ್ಲು ಮುಗಿದು ಕಾಫಿ ಮಾರಾಟದ ಹಣ ಕೈಗೆ ಬಂದಿರುವ ಕಾಲ. ದಾನಿಯ ಮನಸ್ಸೂ ಆಗ ಹಗುರವಾಗಿರುತ್ತದೆ. ಜಲಾಶಯದ ಮಟ್ಟ ಇಳಿದಿದ್ದರೂ ಆಪ್ಟಿಮಿಸ್ಟ್‌ನಂತಹ ದೋಣಿಗೆ ಬೇಕಾದಷ್ಟು ನೀರಿರುತ್ತದೆ. ಆದರೆ ಮಧ್ಯಾಹ್ನದ ನಂತರ ಗುಡುಗು-ಸಿಡಿಲಿನ ಮಳೆ ಬರುವ ತಿಂಗಳುಗಳಾದ್ದರಿಂದ, ಬೆಳಗಿನ ಹೊತ್ತಿನಲ್ಲೇ ಪಾಠ ಮುಗಿಸಿ ದೋಣಿಗಳನ್ನು ದಡಕ್ಕೆ ಎಳೆಯಬೇಕು. ಎತ್ತರದ ಕಂಬ ನಿಲ್ಲಿಸಿಕೊಂಡು ಬಯಲು ನೀರಿನಲ್ಲಿರುವ ದೋಣಿಗೆ ಸಿಡಿಲು ಎಲ್ಲಕ್ಕಿಂತ ದೊಡ್ಡ ಶತ್ರು.

ಸ್ಥಳದ ಆಯ್ಕೆಯಲ್ಲಿ ಗಾಳಿಯನ್ನೂ ಗಮನಿಸಬೇಕು. ಬೆಟ್ಟಗಳ ನಡುವಿನ ಕಣಿವೆಯಲ್ಲಿ ಗಾಳಿ ಒಮ್ಮೆ ಸತ್ತು ಒಮ್ಮೆಲೇ ನುಗ್ಗುತ್ತದೆ. ಕಲಿಯುವವರಿಗೆ ಅದು ಹಿತವಲ್ಲ. ಬಯಲಿಗೆ ತೆರೆದುಕೊಂಡ ವಿಸ್ತಾರವಾದ ನೀರೇ ಲೇಸು. ಹೇಮಾವತಿ ಜಲಾಶಯ ಕಾವೇರಿ ನೀರಾವರಿ ನಿಗಮದ ಅಧೀನದಲ್ಲಿದೆ, ಭದ್ರಾ ಜಲಾಶಯ ಕರ್ನಾಟಕ ನೀರಾವರಿ ನಿಗಮದ್ದು. ಭದ್ರೆಯ ಹಿನ್ನೀರಿಗೆ ಹುಲಿ ಸಂರಕ್ಷಿತ ಪ್ರದೇಶ ತಾಗಿಕೊಂಡಿರುವುದರಿಂದ ಅಲ್ಲಿ ಅರಣ್ಯ ಇಲಾಖೆಯ ಮಾತೂ ನಡೆಯುತ್ತದೆ. ಸಂಘವನ್ನು ನೋಂದಾಯಿಸದೆ, ವಿಮೆ ಹಾಗೂ ರಕ್ಷಣಾ ವ್ಯವಸ್ಥೆಯ ವಿವರ ಲಗತ್ತಿಸದೆ ಇಂತಹ ಕಚೇರಿಗಳ ಅನುಮತಿ ನಿರೀಕ್ಷಿಸುವಂತಿಲ್ಲ. ಕಡತಗಳ ನಡಿಗೆಯ ವೇಗ ಬಲ್ಲವರು ಏಪ್ರಿಲ್ ಶಿಬಿರದ ಅರ್ಜಿಯನ್ನು ದಸರಾ ರಜೆ ಮುಗಿಯುವ ಹೊತ್ತಿಗೇ ಸಲ್ಲಿಸಿಬಿಡುವುದು ಒಳಿತು.